ಮುಯ್ಯಿಗೆ ಬಂದ ಮಕ್ಕಳು

ಯಾದಗಿರಿಯಲ್ಲಿ ಸಂಸ್ಥೆಗಳ ಕಾರ್ಯಕರ್ತರಿಗೆ ನಡೆಯುವ ತರಬೇತಿಗಳಲ್ಲಿ ಮಧ್ಯಾಹ್ನದ ಊಟ ಮುಗಿದು ಎಲ್ಲರ ಕಣ್ಣು ಎಳೆಯತೊಡಗಿದಾಗ ಯಾರಾದರೊಬ್ಬರು ನನ್ನ ಕಡೆ ತಿರುಗಿ, "ಆ ಮೆಣಸಿನಕಾಯಿ ಹೊಲದ್ದು ಹೇಳ್ರಿ ಸರ, ಮಂದಿ ಎಚ್ಚರ ಆಗ್ತಾರ" ಅನ್ನುತ್ತಾರೆ. ನಾನು ಎದ್ದು ಹೇಳುತ್ತೇನೆ. ಹೇಳುತ್ತಿರುವಾಗಲೇ ಕತೆ ಹೋದ ಸಲಕ್ಕಿಂತ ಸ್ವಲ್ಪ ಬೇರೆಯಾಗುತ್ತಿರುವುದು ನನಗೇ ಗೊತ್ತಾಗುತ್ತದೆ. ಒಂದು ಸಲ ಮುದುಕಿ ಎದ್ದು ನಿಂತು ಬೈಯುತ್ತಾಳೆ, ಇನ್ನೊಂದು ಸಲ ಕೂತಲ್ಲೇ ಬೈಯುತ್ತಾಳೆ. ಒಂದು ಸಲ ಸರಿಯಾದ ಪ್ರಶ್ನೆ ಕೇಳುವವನು ನಾನು, ಇನ್ನೊಂದು ಸಲ ನನ್ನ ಸಹೋದ್ಯೋಗಿ. ಕೇಳುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಅವರಿಗೆ ಬೇಕಾದದ್ದು ಯಶೋಗಾಥೆ. ಅದರಲ್ಲಿ ಮೊದಲು ಕತ್ತಲೆ ಇರಬೇಕು, ಆಮೇಲೆ ನಾವು ಬರಬೇಕು, ಕೊನೆಗೆ ಬೆಳಕಾಗಬೇಕು. ನಡೆದದ್ದು ಹಾಗಲ್ಲ ಎಂಬುದೊಂದು ಮಾತ್ರ ನನಗೆ ಖಾತ್ರಿಯಿದೆ. ಉಳಿದದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವೆಂದೇ ಹೇಳುತ್ತೇನೆ.

ನನ್ನ ಊರು ಮುದನಾಳದ ಹತ್ತಿರ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಮಾಡಿ, ಯಾವ ಕೆಲಸವೂ ಹಿಡಿಸದೆ ಅಲ್ಲಿ ಇಲ್ಲಿ ಅಲೆದು, ಕಡೆಗೆ ಶಹಾಪುರದ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಹೊಲಕ್ಕೆ ಹೋಗುವ ಮಕ್ಕಳನ್ನು ಶಾಲೆಗೆ ತರುವುದು ನಮ್ಮ ಕೆಲಸ. ಶಹಾಪುರ ಮತ್ತು ಸುರಪುರದ ನಡುವಿನ ಕೆಲವು ಹಳ್ಳಿಗಳನ್ನು ನನಗೂ ಇನ್ನೊಬ್ಬ ಹೆಣ್ಣುಮಗಳಿಗೂ ವಹಿಸಿದ್ದರು. ಆಕೆ ಸುರಪುರದವಳು, ದರ್ಜಿಯ ಮಗಳು. ಮನೆಯಲ್ಲಿ ದಖ್ಖನಿ, ಹಳ್ಳಿಗೆ ಬಂದರೆ ನನಗಿಂತ ಗಟ್ಟಿ ಕನ್ನಡ. ನನ್ನನ್ನು 'ಭಾಯಿ' ಎಂದು ಕರೆಯುತ್ತಿದ್ದಳು. ನಾನು ಯಾವುದಾದರೂ ವಿಷಯವನ್ನು ಮೂರು ಕಡೆಯಿಂದ ನೋಡತೊಡಗಿದರೆ, "ಭಾಯಿ, ನೀವು ನೋಡೂತನ ಬಸ್ ಹೋಗ್ತದ" ಅನ್ನುತ್ತಿದ್ದಳು. ಅದು ಬಹಳ ಸಲ ಹೋಗಿಯೂ ಇತ್ತು.

ನಾನು ಹೇಳುತ್ತಿರುವ ಹಳ್ಳಿ ಕಾಲುವೆಯ ಅಂಚಿನಲ್ಲಿದೆ. ಹತ್ತಿ ಮುಗಿಯುತ್ತಿದ್ದಂತೆ ಮೆಣಸಿನಕಾಯಿ. ಶಾಲೆ ಇರುವುದು ಐದನೆಯ ತರಗತಿಯವರೆಗೆ ಮಾತ್ರ. ಸುಗ್ಗಿ ಬಂತೆಂದರೆ ಶಾಲೆಯಲ್ಲಿ ಉಳಿಯುವುದು ತೀರಾ ಸಣ್ಣವರು ಮತ್ತು ಅಡುಗೆಯವಳು. ನಾವು ಜಾಥಾ ಮಾಡಿದೆವು, ಗೋಡೆಯ ಮೇಲೆ ಬರೆಸಿದೆವು, ಬೀದಿ ನಾಟಕ ಆಡಿಸಿದೆವು. ನಾಟಕದಲ್ಲಿ ಕೂಲಿ ಹುಡುಗಿಯ ಪಾತ್ರ ಮಾಡಿದವಳು ಮರುದಿನ ನಿಜವಾಗಿಯೂ ಹೊಲಕ್ಕೆ ಹೋಗಿದ್ದಳು. ಪಾತ್ರ ಚೆನ್ನಾಗಿ ಬಂದದ್ದು ಯಾಕೆ ಎಂದು ಆಗ ತಿಳಿಯಿತು.

ಹೆಂಗಸರಿಂದ ದೇವರ ಮುಂದೆ ಆಣೆ ಮಾಡಿಸುವ ಯೋಚನೆ ಬಂದದ್ದು ಇದಾದ ಮೇಲೆ. ಊರಿನ ಹೆಂಗಸರು ಸೋಮವಾರ ಟೆಂಪೊ ಮಾಡಿಕೊಂಡು ತಿಂಥಣಿಗೆ ಹೋಗುವವರಿದ್ದರು. ಅಲ್ಲಿಯ ಮೌನೇಶ್ವರನಿಗೆ ನಮ್ಮ ಕಡೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಲ್ಲಿ ಆಡಿದ ಮಾತಿಗೆ ಯಾರೂ ತಪ್ಪುವುದಿಲ್ಲ ಎಂದು ಸಹೋದ್ಯೋಗಿ ಹೇಳಿದಳು. ಕಾನೂನು ಇರುವಾಗ ದೇವರ ಹೆಸರು ಯಾಕೆ ಎಂದು ನಾನು ವಾದ ಮಾಡಿದೆ. "ಕಾನೂನಿಗಿ ಅಂಜೋರು ಈ ಊರಾಗ ಯಾರರ ಅದಾರೇನು?" ಎಂದಳು. ಸೋಮವಾರ ನಾನೂ ಟೆಂಪೊ ಹತ್ತಿದೆ.

ಆಣೆಯ ಮಾತುಗಳನ್ನು ಯಾರು ಬರೆದರು ಎಂಬುದು ಇವತ್ತಿಗೂ ನಮ್ಮಿಬ್ಬರ ನಡುವೆ ಇತ್ಯರ್ಥವಾಗಿಲ್ಲ. ಅವಳೇ ಎಂದು ನನ್ನ ನೆನಪು. ನಾನೇ ಎಂದು ಅವಳ ನೆನಪು. ಮೊದಲ ಕರಡಿನಲ್ಲಿ 'ತಕ್ಕ' ಎಂಬ ಪುಸ್ತಕದ ಪದ ಎರಡು ಕಡೆ ಬಂದಿತ್ತಂತೆ, ಆ ಪದ ತನ್ನ ಬಾಯಲ್ಲಿ ಹುಟ್ಟುವುದೇ ಇಲ್ಲವಂತೆ. ಇರಬಹುದು. ಏನೇ ಇರಲಿ, ಗುಡಿಯ ಮುಂದೆ ನಿಂತು ಹೆಂಗಸರೆಲ್ಲ ಹೇಳಿದರು: ನಮ್ಮ ಮಕ್ಕಳನ್ನು ಕೂಲಿಗೆ ಕಳಿಸುವುದಿಲ್ಲ, ಯಾರ ಮಕ್ಕಳನ್ನೂ ಕೂಲಿಗೆ ಇಟ್ಟುಕೊಳ್ಳುವುದಿಲ್ಲ. ಮೊದಲು ಹೇಳಿದವಳು ದೊಡ್ಡವ್ವ. ಊರೆಲ್ಲ ಆಕೆಯನ್ನು ಕರೆಯುವುದೇ ಹಾಗೆ. ಕಾಲುವೆಯ ಪಕ್ಕದ ಒಳ್ಳೆಯ ಹೊಲ ಆಕೆಯದು. ಯಾರ ಹೊಲದಲ್ಲಿ ಯಾವ ದಿನ ಕಾಯಿ ಬಿಡಿಸಬೇಕು ಎಂಬ ಪಾಳಿ ಕಟ್ಟುವವಳೂ ಆಕೆಯೇ. ದೊಡ್ಡವ್ವ ಹೇಳಿದ ಮೇಲೆ ಊರೇ ಹೇಳಿದ ಹಾಗೆ. ಟೆಂಪೊದಲ್ಲಿ ವಾಪಸು ಬರುವಾಗ ನಾನು ಖುಷಿಯಲ್ಲಿದ್ದೆ ಎಂದು ಕಾಣುತ್ತದೆ. ಇಲ್ಲದಿದ್ದರೆ ಮುಂದೆ ಬಂದ ಸಿಟ್ಟು ಅಷ್ಟು ಬರುತ್ತಿರಲಿಲ್ಲ.

ಮೆಣಸಿನಕಾಯಿ ಕೆಂಪಾಗಿ ಬಿಡಿಸುವ ದಿನಗಳು ಬಂದವು. ಶಾಲೆಗೆ ಹೋಗಿ ನೋಡಿದರೆ ತೀರಾ ಸಣ್ಣವರು ಮತ್ತು ಅಡುಗೆಯವಳು. ಮುಖ್ಯ ಗುರುಗಳು ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮಕ್ಕಳೆಲ್ಲಿ ಸರ?"

"ಹೊಲಕ್ಕ ಹೋಗ್ಯಾರ್ರಿ."

"ಕೂಲಿಗಿ ಕಳಸಂಗಿಲ್ಲಂತ ಆಣಿ ಮಾಡ್ಯಾರಲ್ಲ."

"ಕೂಲಿಗಿ ಯಾರೂ ಹೋಗಿಲ್ಲ. ಮುಯ್ಯಿಗಿ ಹೋಗ್ಯಾರ." ಅವರ ಮುಖದಲ್ಲಿ ನಗೆಯಿರಲಿಲ್ಲ. ನಾನು ಹುಡುಕಿದೆ.

ಮುಯ್ಯಿ ಎಂದರೇನು ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಮನೆಯಲ್ಲೂ ಇತ್ತು. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಹೊಲಕ್ಕೆ ಬಂದು ದುಡಿದರೆ, ಇನ್ನೊಂದು ದಿನ ನಮ್ಮ ಮನೆಯಿಂದ ಒಬ್ಬರು ನಿಮ್ಮ ಹೊಲಕ್ಕೆ ಹೋಗಿ ಅದನ್ನು ತೀರಿಸಬೇಕು. ನಡುವೆ ದುಡ್ಡಿನ ಮಾತಿಲ್ಲ. ಎಲ್ಲರ ಕಾಯಿಯೂ ಒಟ್ಟಿಗೇ ಹಣ್ಣಾಗುವ ಊರಿನಲ್ಲಿ ಕೂಲಿಯವರನ್ನು ಎಲ್ಲಿಂದ ತರುವುದು? ಹಾಗಾಗಿ ಮುಯ್ಯಿ. ಆದರೆ ಮನೆಯಿಂದ ಬರುವ ಆ 'ಒಬ್ಬರು' ಎಷ್ಟು ವರ್ಷದವರಿರಬೇಕೆಂದು ಯಾರೂ ಹೇಳಿರಲಿಲ್ಲ. ಒಂದು ತಲೆಗೆ ಒಂದು ತಲೆ, ಅಷ್ಟೇ. ತಾಯಿಯ ಬದಲು ಮಗಳು ಹೋದರೂ ತಲೆ ತೀರುತ್ತಿತ್ತು. ಈ ಹಿಂದೆ ಒಮ್ಮೆ ಒಬ್ಬ ಅಧಿಕಾರಿ ಬಂದು ಹೊಲದಲ್ಲಿದ್ದ ಮಕ್ಕಳನ್ನು, "ದುಡ್ಡು ಎಷ್ಟು ಕೊಡ್ತಾರ?" ಎಂದು ಕೇಳಿದ್ದರಂತೆ. "ಕೊಡಂಗಿಲ್ರಿ" ಎಂದವಂತೆ ಮಕ್ಕಳು. ಅವರು ನೀರು ಕುಡಿದು ಹೋದರಂತೆ.

ನನಗೆ ತಲೆ ಕೆಟ್ಟಿತು. ಸುಳ್ಳು ಹೇಳುವವರ ಜೊತೆ ಜಗಳವಾಡಬಹುದು. ಇಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ಆಣೆಯನ್ನು ಇಡೀ ಊರು ಚಾಚೂ ತಪ್ಪದೆ ಪಾಲಿಸುತ್ತಿತ್ತು, ಶಾಲೆ ಖಾಲಿ ಇತ್ತು. ಕಾಲುವೆಯ ಏರಿ ಹಿಡಿದು ದೊಡ್ಡವ್ವನ ಹೊಲಕ್ಕೆ ಹೋದೆವು. ಆಕೆ ಎಲೆಯಡಿಕೆ ಮೆಲ್ಲುತ್ತ ರಾಶಿಯಲ್ಲಿನ ಕೊಳೆತ ಕಾಯಿಗಳನ್ನು ಬೇರೆ ಮಾಡುತ್ತಿದ್ದಳು.

"ದೊಡ್ಡವ್ವ, ಆಣಿಯೊಳಗ ಮುಯ್ಯಿ ಅಂತನೂ ಸೇರಸಬೇಕಾಗ್ತದ" ಎಂದೆ.

"ಸೇರಸಾಕ ಅದೇನ್ ಪಲ್ಯ ಏನು, ಉಪ್ಪು ಕಡಿಮಿ ಆತಂತ ಮ್ಯಾಲ ಹಾಕಾಕ? ದೇವರ ಮುಂದ ಏನ್ ಅಂದೀವಿ ಅದನ್ನ ನಡಿಸೀವಿ. ಒಂದರ ಕೂಸು ಕೂಲಿಗಿ ಹೋಗ್ಯಾದ ಏನು, ಹೇಳು."

"ಹೋಗಿಲ್ಲ."

"ಮತ್ತ?"

"ಸಾಲಿಗೂ ಹೋಗಿಲ್ಲಲ್ಲ."

"ಸಾಲಿದು ಆಣ್ಯಾಗ ಇದ್ದಿಲ್ಲ."

ಸಹೋದ್ಯೋಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಬರೆದವರು ನೀನೇ ಎಂದು ಇಬ್ಬರ ಕಣ್ಣಲ್ಲೂ ಇತ್ತು.

ಇದೆಲ್ಲ ಒಂದು ದೊಡ್ಡ ತಮಾಷೆಯಾಗಿ ಉಳಿಯಬಹುದಿತ್ತು, ಆ ಹುಡುಗಿ ಇಲ್ಲದಿದ್ದರೆ. ಐದನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ. ಆರನೆಯ ತರಗತಿಗೆ ಬೇರೆ ಊರಿಗೆ ಹೋಗಬೇಕು, ಆ ಊರಿಗೆ ಇಲ್ಲಿಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಅಂದರೆ ಓದು ಅಲ್ಲಿಗೆ ಮುಗಿಯಿತು. ಉಳಿದ ಒಂದೇ ದಾರಿ ವಸತಿ ಶಾಲೆ. ಅದರ ಪ್ರವೇಶ ಪರೀಕ್ಷೆ ಐದನೆಯ ತರಗತಿಯವರಿಗೆ ಮಾತ್ರ, ಒಂದೇ ಸಲ. ನಾವು ಅದರ ಬಗ್ಗೆ ಹೇಳಿದಾಗ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಮೆಣಸಿನಕಾಯಿ ಹೊಲ ಅದಾವೇನ್ರಿ?"

"ಇಲ್ಲ."

"ಹಂಗಾರ ಬರ್ತೀನಿ."

ಆಗ ಅವಳು ಪೆನ್ಸಿಲನ್ನು ಫ್ರಾಕಿನ ಅಂಚಿನಲ್ಲಿ ಸುತ್ತಿ ಹಿಡಿದಿದ್ದಳು. ಕಾಯಿ ಬಿಡಿಸಿದ ಬೆರಳುಗಳು ರಾತ್ರಿಯಿಡೀ ಉರಿಯುತ್ತವೆ, ಬೆಳಿಗ್ಗೆ ಏನನ್ನು ಮುಟ್ಟಿದರೂ ಮತ್ತೆ ಉರಿಯುತ್ತವೆ. ಇದನ್ನು ನಾನು ಕಣ್ಣಾರೆ ನೋಡಿದ್ದು, ಇದರಲ್ಲಿ ಅನುಮಾನವಿಲ್ಲ.

ಪರೀಕ್ಷೆ ಭಾನುವಾರ ಸುರಪುರದಲ್ಲಿ. ಅದೇ ಭಾನುವಾರ ಹುಡುಗಿಯ ತಾಯಿಗೆ ಎರಡು ಕಡೆ ಮುಯ್ಯಿ ತೀರಿಸುವುದಿತ್ತು. ಒಂದು ನೆರೆಮನೆಯ ಹೊಲ, ಇನ್ನೊಂದು ದೊಡ್ಡವ್ವನದು. ಗಂಡ ಕಡೇಚೂರಿನಲ್ಲಿ ಒಂದು ಕಾರ್ಖಾನೆಯಲ್ಲಿ ಹೊರೆ ಎತ್ತುತ್ತಿದ್ದ, ಸಂಬಳವಾದಾಗಷ್ಟೇ ಊರಿಗೆ ಬರುತ್ತಿದ್ದ. ಬಂದರೂ ಉಪಯೋಗವಿಲ್ಲ, ಕಾಯಿ ಬಿಡಿಸುವುದು ಗಂಡಸರ ಕೆಲಸವಲ್ಲ ಎಂದು ಊರು ತೀರ್ಮಾನಿಸಿತ್ತು. ನೆರೆಮನೆಗೆ ತಾಯಿ, ದೊಡ್ಡವ್ವನ ಹೊಲಕ್ಕೆ ಮಗಳು, ಹೀಗೆ ಹಂಚಿಕೆಯಾಗಿತ್ತು.

"ಪರೀಕ್ಷಿ ಮುಂದಕ್ಕ ಹಾಕಾಕ ಬರಂಗಿಲ್ಲೇನ್ರಿ?" ಎಂದು ತಾಯಿ ನನ್ನನ್ನು ಕೇಳಿದಳು.

"ಅದು ಸರಕಾರದ್ದವ್ವ. ಪಾಳಿ ಮುಂದಕ್ಕ ಹಾಕಸು."

"ಪಾಳಿ ದೊಡ್ಡವ್ವಂದ್ರಿ" ಎಂದಳು, ಸರಕಾರಕ್ಕಿಂತ ದೊಡ್ಡದನ್ನು ಹೆಸರಿಸುವ ಧ್ವನಿಯಲ್ಲಿ.

ದೊಡ್ಡವ್ವನನ್ನು ಕೇಳಿದೆವು. ಒಬ್ಬರ ಪಾಳಿ ಸರಿಸಿದರೆ ಎಲ್ಲರದೂ ಸರಿಯುತ್ತದೆ, ಯಾರದೋ ಕಾಯಿ ಗಿಡದಲ್ಲೇ ಉದುರುತ್ತದೆ, ಆಮೇಲೆ ಅವರು ತನ್ನ ಮನೆಯ ಮುಂದೆ ಬಂದು ಕೂರುತ್ತಾರೆ ಎಂದಳು. ಅದು ಸುಳ್ಳೂ ಅಲ್ಲ.

ಶುಕ್ರವಾರ ಸಂಜೆ ಆಕೆಯ ಅಂಗಳದಲ್ಲಿ ಹೆಂಗಸರು ಮುಂದಿನ ಪಾಳಿ ಮಾತಾಡಲು ಸೇರಿದರು. ನಾವೂ ಹೋದೆವು. ಮಕ್ಕಳ ಹಕ್ಕು, ಶಿಕ್ಷಣದ ಹಕ್ಕು, ಕಾಯಿದೆ ಎಂದೆಲ್ಲ ನಾನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎಂದು ನನ್ನ ಭಾವನೆ. ಒಬ್ಬಳು ಆಕಳಿಸಿದಳು, ಅದನ್ನು ನೋಡಿ ಇನ್ನೊಬ್ಬಳು ಆಕಳಿಸಿದಳು. "ಆತೇನ್ರಿ ನಿಮ್ಮದು?" ಎಂದು ದೊಡ್ಡವ್ವ ಕೇಳಿದಳು. ಆಯಿತು ಎಂದೆ.

ಮುಂದಿನದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಸಹೋದ್ಯೋಗಿ ಬೇಸತ್ತು, "ಅದೆಲ್ಲಾ ಬಿಡ್ರಿ, ನಿಮ್ಮ ನಿಮ್ಮ ಹೊಲಕ್ಕ ಮುಯ್ಯಿ ತೀರಸಾಕ ದೊಡ್ಡವರು ಬರ್ತಾರೋ ಸಣ್ಣವರು ಬರ್ತಾರೋ?" ಎಂದು ಕೇಳುತ್ತಾಳೆ. ತರಬೇತಿಗಳಲ್ಲಿ ನಾನು ಹೇಳುವುದು ಇದನ್ನೇ. ತಾನು ಹಾಗೆ ಕೇಳಲೇ ಇಲ್ಲ, ಆ ಹೊತ್ತಿಗೆ ಸುರಪುರದ ಕೊನೆಯ ಬಸ್ಸಿನ ಚಿಂತೆಯಲ್ಲಿದ್ದೆ, ಮಾತು ತೆಗೆದವಳು ಕುರಿ ಸಾಕುವ ಮನೆಯ ಸೊಸೆ ಎಂದು ಅವಳು ಹೇಳುತ್ತಾಳೆ. ಆ ಸೊಸೆಯನ್ನು ಕೇಳೋಣವೆಂದರೆ ಆಕೆಗೆ ನೆನಪಿರುವುದು ತಾನು ಗೆದ್ದೆ ಎಂಬುದಷ್ಟೇ. ಯಾರು ಶುರು ಮಾಡಿದರೋ, ಜಗಳ ಮಾತ್ರ ಹತ್ತಿಕೊಂಡಿತು.

"ನಿಮ್ಮ ಹತ್ತಿ ಬಿಡಸಾಕ ನಾನಾ ಬಂದೆ, ಸ್ವಂತ" ಎಂದಳು ಸೊಸೆ ಪಕ್ಕದವಳಿಗೆ. "ತಿರುಗಿ ನೀ ಯಾರ್ನ ಕಳಿಸ್ದಿ? ಆ ಚೋಟುದ್ದ ಹುಡುಗೀನ."

"ಚೋಟುದ್ದ ಇದ್ರೂ ಕೈ ಚುರುಕು."

"ಚುರುಕು ಅಂದ್ರ? ಕಾಯಿಕಿನ್ನ ಗಿಡಾನ ಜಾಸ್ತಿ ಹರದಾಳ."

"ನಿನ್ನ ಮಗಳೇನ್ ಕಡಿಮೇನವ್ವ? ಹೋದ ವರ್ಷ ಬಂದಾಕಿ ಇಡೀ ದಿನ ಬದುವಿನ ಮ್ಯಾಲ ಕುಂತು ಬಾರಿಹಣ್ಣು ತಿಂದ್ಲು. ನಾ ಏನರ ಅಂದೇನೇನು?"

"ಅಂದಿ. ಮೂರು ಮನ್ಯಾಗ ಅಂದಿ. ನನಗ ಬಂದು ಮುಟ್ಟ್ಯಾದ."

"ಖರೇನ ಅಂದೇನಿ, ಅದಕ್ಕ ಮುಟ್ಟ್ಯಾದ."

ಅಲ್ಲಿಂದ ಅಂಗಳದಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಸ್ವಂತ ದುಡಿದು ಬದಲಿಗೆ ಬೇರೆಯವರ ಮಕ್ಕಳನ್ನು ಪಡೆದಿದ್ದರು, ಎಲ್ಲರೂ ತಾವೂ ಮಕ್ಕಳನ್ನೇ ಕಳಿಸಿದ್ದರು. ಯಾರೂ ತಮ್ಮ ಮಗಳ ಬೆರಳು ಉರಿಯುತ್ತದೆ ಎನ್ನಲಿಲ್ಲ. ಬೇರೆಯವರ ಮಗಳು ನಮ್ಮ ಹೊಲವನ್ನು ಹಾಳು ಮಾಡಿದಳು ಎಂಬುದೇ ಎಲ್ಲರ ಅಳಲು. ನಾವು ವರ್ಷಗಟ್ಟಲೆ ಹೇಳಿದ ಯಾವ ಮಾತೂ ಅವರಿಗೆ ತಾಗಿರಲಿಲ್ಲ, ತೂಕದಲ್ಲಿ ಮೋಸವಾಯಿತು ಎಂಬುದು ತಾಗಿತು. ನನಗೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಕಡೆಗೆ ದೊಡ್ಡವ್ವ ನೆಲಕ್ಕೆ ಕೈ ಬಡಿದಳು. "ಬಾಯಿ ಮುಚ್ರಿ ಎಲ್ಲಾರು. ನನ್ನ ಹೊಲಕ್ಕೂ ಕೂಸುಗಳನ್ನ ಕಳಿಸೀರಿ, ನಾ ಏನ್ ಕುರುಡಿ ಅಲ್ಲ. ಇನ್ ಮುಂದ ದೊಡ್ಡಾಳಿಗಿ ದೊಡ್ಡಾಳು. ಕೂಸು ಬಂದ್ರ ಮುಯ್ಯಿ ತೀರಂಗಿಲ್ಲ. ಯಾರಿಗಿ ಕಬೂಲ ಇಲ್ಲ ಅವರು ಪಾಳಿ ಬಿಟ್ಟು ಹೋಗ್ರಿ."

ಯಾರೂ ಹೋಗಲಿಲ್ಲ. ಸಹೋದ್ಯೋಗಿ ನನ್ನ ತೋಳು ಹಿಡಿದಳು, ಬಸ್ಸನ್ನು ಮರೆತಿದ್ದಳು. ಆಗ ಹುಡುಗಿಯ ತಾಯಿ ಮೂಲೆಯಿಂದ, "ಈ ಐತವಾರ ನಂದು ಎರಡು ಕಡಿ ಅದ ದೊಡ್ಡವ್ವ. ನಾ ಒಬ್ಬಾಕಿ" ಎಂದಳು.

ಪಾಳಿಗೆ ತಪ್ಪಿದವರ ಹೊಲಕ್ಕೆ ಮುಂದಿನ ಸಲ ಯಾರೂ ಬರುವುದಿಲ್ಲ. ಒಬ್ಬ ಹೆಂಗಸು ತನ್ನ ಹೊಲದ ಹತ್ತಿಯನ್ನು ತಾನೊಬ್ಬಳೇ ಬಿಡಿಸಿ ಮುಗಿಸುವುದು ಆಗದ ಮಾತು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನೆರೆಮನೆಯವಳು ಹಗುರಾಗಿ, "ಅದಕ್ಕೇನ್ ಆತು, ನಿಯಮ ಮುಂದಿನ ಸುಗ್ಗಿಯಿಂದ ಇಡೋಣು. ಈ ಸಲ ಹುಡುಗಿ ಬಂದು ತೀರಸ್ಲಿ" ಎಂದಳು.

"ಹೌದವ್ವ, ನಡುವ್ಯಾನ ಯಾಕ ತ್ರಾಸ" ಎಂದರು ಇನ್ನಿಬ್ಬರು. ಎಲ್ಲರ ಮುಖದ ಮೇಲೂ ನೆಮ್ಮದಿ ಬಂತು. ಹುಡುಗಿಯ ತಾಯಿಯ ಮುಖದ ಮೇಲೂ ಬಂತು, ಅದನ್ನು ನೋಡಿಯೇ ನನಗೆ ರೇಗಿತು. ಹುಡುಗಿ ಗೋಡೆಗೆ ಒರಗಿ ನಿಂತು ಎಲ್ಲರ ಬಾಯಿಯನ್ನೂ ಒಂದೊಂದಾಗಿ ನೋಡುತ್ತಿದ್ದಳು.

"ಮುಂದಿನ ಸುಗ್ಗಿಗಿ ಆಕಿಗಿ ಪರೀಕ್ಷಿ ಇರಂಗಿಲ್ಲ. ಐದನೇತ್ತ ಮುಗೀತಂದ್ರ ಮುಗೀತು" ಎಂದೆ. ಧ್ವನಿ ಜೋರಾಗಿತ್ತೇನೋ. "ಆಕಿ ಬದ್ಲಿ ನಾ ಬರ್ತೀನಿ ದೊಡ್ಡವ್ವನ ಹೊಲಕ್ಕ. ನಾ ದೊಡ್ಡಾಳು ಹೌದಲ್ಲ?"

ಅಂಗಳದಲ್ಲಿ ಎದ್ದ ನಗೆ ಬಹಳ ಹೊತ್ತು ಇಳಿಯಲಿಲ್ಲ. ಇದನ್ನು ಹೇಳುವಾಗ ತರಬೇತಿಯಲ್ಲಿ ಕೆಲವರು ಚಪ್ಪಾಳೆ ತಟ್ಟುತ್ತಾರೆ. ನಾನು ಯಾವ ತ್ಯಾಗದ ಉದ್ದೇಶದಿಂದಲೂ ಹೇಳಿದ್ದಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು, ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ದೊಡ್ಡವ್ವ ನಗಲಿಲ್ಲ. "ಕೈ ತೋರಸು" ಎಂದಳು. ತೋರಿಸಿದೆ. ತಿರುಗಿಸಿ ನೋಡಿ, "ಅರ್ಧ ಆಳು" ಎಂದಳು.

"ಹಂಗಾರ ಇನ್ನರ್ಧ?" ಎಂದಳು ತಾಯಿ.

ಕುರಿ ಮನೆಯ ಸೊಸೆ ಸೆರಗು ಝಾಡಿಸಿ ಎದ್ದು, "ಇನ್ನರ್ಧ ನಾವ್ ಒಂದೊಂದು ಸಾಲು ಹೆಚ್ಚು ಹಿಡದು ತೀರಸ್ತೀವಿ ಬಿಡು. ಸರ ಕಾಯಿ ಬಿಡಸೂದು ನೋಡಾಕರ ಬೇಕಲ್ಲ" ಎಂದಳು. ಉಳಿದವರು ಹೂಂ ಎಂದರು. ಕಾಯಿದೆ ಮಾಡಲಾಗದ್ದನ್ನು ನನ್ನ ಪಾಡು ನೋಡುವ ಆಸೆ ಮಾಡಿತು.

ಭಾನುವಾರ ಬೆಳಿಗ್ಗೆ ಸಹೋದ್ಯೋಗಿ ಹುಡುಗಿಯನ್ನು ಬಸ್ಸಿನಲ್ಲಿ ಸುರಪುರಕ್ಕೆ ಕರೆದುಕೊಂಡು ಹೋದಳು. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ನಿಲ್ಲಲೂ ಜಾಗವಿರಲಿಲ್ಲವಂತೆ. ಪರೀಕ್ಷೆ ನಡೆದ ಶಾಲೆಯ ಗೇಟು, ಅಲ್ಲಿ ಸಹೋದ್ಯೋಗಿ ಬಗ್ಗಿ ಹುಡುಗಿಯ ಜಡೆ ಸರಿಮಾಡಿದ್ದು, ಹುಡುಗಿ ಹಿಂತಿರುಗಿ ನೋಡದೆ ಒಳಗೆ ಹೋದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಗೇಟಿನ ಬಣ್ಣ ಕೂಡ ಹೇಳಬಲ್ಲೆ. ಆದರೆ ನಾನು ಅಲ್ಲಿರಲಿಲ್ಲ. ಆ ಹೊತ್ತಿಗೆ ನಾನು ಮೆಣಸಿನ ಗಿಡಗಳ ನಡುವೆ ಸೊಂಟ ಬಗ್ಗಿಸಿ ನಿಂತಿದ್ದೆ. ನನ್ನ ತಲೆಯಲ್ಲಿರುವ ಅತ್ಯಂತ ಚೊಕ್ಕ ಚಿತ್ರವೇ ನಾನು ನೋಡದ್ದು ಎಂದ ಮೇಲೆ ಉಳಿದವನ್ನು ಎಷ್ಟು ನಂಬಬೇಕು?

ಹೊಲದ್ದು ಮಾತ್ರ ನಂಬಬೇಕಾಗುತ್ತದೆ, ಏಕೆಂದರೆ ಅದು ಕೈಯಲ್ಲಿ ಉಳಿಯಿತು. ಮೊದಲು ಏನೂ ಆಗುವುದಿಲ್ಲ. ಇಷ್ಟೇನಾ ಅನ್ನಿಸುತ್ತದೆ. ಬಿಸಿಲೇರುವ ಹೊತ್ತಿಗೆ ಉಗುರಿನ ಸಂದಿಯಲ್ಲಿ ಸಣ್ಣಗೆ ಶುರುವಾಗಿ ಮಣಿಕಟ್ಟಿನವರೆಗೆ ಏರುತ್ತದೆ. ಬೆವರು ಒರೆಸಿಕೊಳ್ಳಲು ಹೋಗಿ ಕಣ್ಣು ಮುಟ್ಟಿಕೊಂಡೆ.

"ಎಂ.ಎ. ಕಣ್ಣಾಗ ನೀರು ಬಂತು ನೋಡ್ರೇ" ಎಂದಳು ಸೊಸೆ.

"ಕಣ್ಣು ಮುಟ್ಟಬ್ಯಾಡ್ರಿ ಸರ, ಮತ್ತ ಎಲ್ಲೂ ಮುಟ್ಟಬ್ಯಾಡ್ರಿ" ಎಂದಳು ಇನ್ನೊಬ್ಬಳು. ಸಾಲುಸಾಲಿಗೆ ನಗೆ ಹರಿಯಿತು.

"ಇವತ್ತಿಂದು ನಿಮಗ ಪಗಾರ ಬರ್ತದೇನ್ರಿ?"

"ಐತವಾರ ಇಲ್ಲ."

"ಹಂಗಾರ ನಿಮ್ಮನಿಗಿ ಮುಯ್ಯಿ ತೀರಸಾಕ ಯಾರ್ ಬರಬೇಕು?"

"ಶಹಾಪುರದಾಗ ನನ್ನ ಖೋಲಿ ಅದ. ಅರಿವಿ ಒಗಿಯಾಕ ಬರ್ರಿ."

"ಅರಿವಿ ಒಗಿಯಾಕ ಲಗ್ನ ಆಗ್ರಿ, ನಮ್ಮನ್ಯಾಕ ಕರೀತೀರಿ."

ನನ್ನ ಸಾಲು ಎಲ್ಲರಿಗಿಂತ ಹಿಂದೆ ಉಳಿಯಿತು. ಅವರು ತಮ್ಮ ಸಾಲು ಮುಗಿಸಿ, ಏನೂ ಹೇಳದೆ ನನ್ನ ಸಾಲಿನ ಇನ್ನೊಂದು ತುದಿಯಿಂದ ಬಿಡಿಸುತ್ತ ಬಂದರು. ಬರುತ್ತ ನನ್ನನ್ನು ಬೈಯುತ್ತಲೇ ಇದ್ದರು, ಅದರಲ್ಲಿ ಕೊರತೆ ಮಾಡಲಿಲ್ಲ.

ಇದಾದ ಮೇಲೆ ನಮ್ಮ ಸಂಸ್ಥೆಯವರು ಈ ನಿಯಮಕ್ಕೆ ಒಂದು ಹೆಸರಿಟ್ಟರು, ಬಣ್ಣದ ಚಾರ್ಟು ಮಾಡಿದರು, ಬೇರೆ ಹಳ್ಳಿಗಳಿಗೂ ಒಯ್ಯಿರಿ ಎಂದರು. ಒಯ್ದೆವು. ಒಂದು ಊರಲ್ಲಿ ಹೆಂಗಸರು ಗಮನವಿಟ್ಟು ಕೇಳಿ, ಮಕ್ಕಳ ಬದಲು ಹಣ್ಣು ಹಣ್ಣು ಮುದುಕಿಯರನ್ನು ಕಳಿಸತೊಡಗಿದರು. ಇನ್ನೊಂದು ಊರಲ್ಲಿ ಮುಯ್ಯಿಯೇ ಇಲ್ಲ. ದೊಡ್ಡ ಹೊಲದವರು ಬೇರೆಲ್ಲಿಂದಲೋ ಟಂಟಂ ಆಟೊ ತುಂಬ ಹುಡುಗಿಯರನ್ನು ಕೂಲಿಗೆ ತರುತ್ತಾರೆ. ಅಲ್ಲಿ ನಮ್ಮ ಚಾರ್ಟು ಯಾವ ಕೆಲಸಕ್ಕೂ ಬರಲಿಲ್ಲ. ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದೇವೆ, ಟಂಟಂ ಓಡಿಸುವವರ ಜೊತೆ ಕೂತು ಚಹಾ ಕುಡಿಯುತ್ತಿದ್ದೇವೆ. ಆದರೆ ದೊಡ್ಡವ್ವನ ಊರಿನಲ್ಲಿ ನಿಯಮ ನಿಂತಿದೆ. ಮಕ್ಕಳ ಮೇಲಿನ ಪ್ರೀತಿಯಿಂದ ನಿಂತಿದೆಯೆಂದು ನಾನು ಹೇಳಲಾರೆ. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುವುದರಿಂದ ನಿಂತಿದೆ. ಹುಡುಗಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಮೊದಲ ಸುತ್ತಿನಲ್ಲಿ ಸಿಗಲಿಲ್ಲ, ಯಾರೋ ಬಿಟ್ಟುಕೊಟ್ಟ ಮೇಲೆ ಸಿಕ್ಕಿತು. ತರಬೇತಿಯಲ್ಲಿ ಈ ಎರಡನೆಯ ಭಾಗವನ್ನು ಬಿಟ್ಟು ಹೇಳಲು ನನಗೆ ಸೂಚನೆಯಿದೆ.

ಆ ಭಾನುವಾರದ ಸಂಜೆಯ ಮಾತು ಉಳಿಯಿತು. ಹೊತ್ತು ಇಳಿಯುವಾಗ ಹುಡುಗಿ ಬಸ್ಸಿಳಿದು ನೇರ ಹೊಲಕ್ಕೇ ಬಂದಳು. ಪರೀಕ್ಷೆಗೆಂದು ಸಹೋದ್ಯೋಗಿಯ ತಂದೆ ಹೊಲಿದುಕೊಟ್ಟ ಹಸಿರು ಫ್ರಾಕು ಹಾಕಿದ್ದಳು. ನೆರೆಮನೆಯ ಹೊಲದ ಕೆಲಸ ಮುಗಿಸಿ ಅವಳ ತಾಯಿಯೂ ಬಂದು ನಮ್ಮ ಸಾಲು ಹಿಡಿದಿದ್ದಳು.

"ಏನ್ ಕೇಳಿದ್ರವ್ವ?" ಎಂದಳು ತಾಯಿ.

"ಎಲ್ಲಾ ಕೇಳಿದ್ರು."

"ನೀ ಏನ್ ಬರದಿ?"

"ಕೇಳಿದ್ದು ಬರದೆ."

ಅಷ್ಟು ಹೇಳಿ, ಯಾರೂ ಹೇಳದೆ, ಹುಡುಗಿ ಫ್ರಾಕನ್ನು ಮಡಚಿ ಸಿಕ್ಕಿಸಿಕೊಂಡು ತಾಯಿಯ ಪಕ್ಕದ ಗಿಡಕ್ಕೆ ಕೈ ಹಾಕಿದಳು. ಅವಳಿಗೆ ಅದು ಯೋಚನೆ ಮಾಡಿ ಮಾಡುವ ಕೆಲಸವಾಗಿರಲಿಲ್ಲ. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ರಾಶಿಯ ಹತ್ತಿರದಿಂದ ದೊಡ್ಡವ್ವನ ಧ್ವನಿ ಬಂತು.

"ಏ, ಕೈ ಹಚ್ಚಬ್ಯಾಡ. ತೀರಂಗಿಲ್ಲ ಅದು."

"ಸುಮ್ನ ಬಿಡಸ್ತೀನಿ ದೊಡ್ಡವ್ವ, ಮುಯ್ಯಿಗಿ ಅಲ್ಲ."

"ಸುಮ್ನನೂ ಬ್ಯಾಡ. ಇವತ್ತ ಸುಮ್ನ ಅಂತಿ, ನಾಳಿ ನಿಮ್ಮವ್ವ ಅದನ್ನೂ ಲೆಕ್ಕಕ್ಕ ಹಿಡಿ ಅಂತಾಳ. ಬಿಡು."

ಹುಡುಗಿ ಕೈ ತೆಗೆದಳು. ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಕುಂದ್ರು."

ಅವಳು ಹೋಗಿ ಬದುವಿನ ಮೇಲೆ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟುಕೊಂಡಳು, ಆಮೇಲೆ ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ ಬೇಸರವಾಯಿತೆಂದು ಕಾಣುತ್ತದೆ, ನನ್ನ ಸಾಲು ಇನ್ನೂ ಎಷ್ಟು ಉಳಿದಿದೆ ಎಂದು ಕೂಗಿ ಕೇಳತೊಡಗಿದಳು.